ಕಣ್ಣಿಗೆ ಕಾಣದ ಸೊಸೆ

ಬೆಗಾಯಿಮ್ ಮದುವೆಯಾಗಿ ಬಂದು, ಪದ್ಧತಿಯಂತೆ ಕೋಣೆಯ ಮೂಲೆಯ ಪರದೆಯ ಹಿಂದೆ ಕುಳಿತು ಎರಡನೆಯ ದಿನ. ನೋಡಲು ಬಂದ ಹೆಂಗಸರು ಪರದೆ ಸರಿಸಿ, ಹಣೆಗೆ ಮುತ್ತಿಟ್ಟು, ಹರಸಿ ಹೋಗುತ್ತಿದ್ದರು. ಹೊಸ ಸೊಸೆ ತಾನಾಗಿ ಮಾತಾಡಬಾರದು, ಆಚೆ ಬರಬಾರದು. ಅದಕ್ಕೆಲ್ಲ ಅವಳು ಸಿದ್ಧಳಾಗಿಯೇ ಬಂದಿದ್ದಳು. ಚಳಿಗೆ ಮಾತ್ರ ಸಿದ್ಧಳಾಗಿರಲಿಲ್ಲ. ಬೆಟ್ಟಗಳ ನಡುವಿನ ನಾರಿನ್ ಪೇಟೆಯ ಜನವರಿ. ಕಿಟಕಿ ಗಾಜಿನ ಒಳಮೈಗೂ ಹಿಮ ಕಟ್ಟಿತ್ತು.

ಯಾರಾದರೂ ಬಂದರೆ ಗೋಡೆಯ ಹೀಟರ್ ಟಕ್ ಎಂದು ಹೊತ್ತಿಕೊಳ್ಳುತ್ತಿತ್ತು. ಅವರು ಚಹಾಕ್ಕೆದ್ದು ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಆರಿಬಿಡುತ್ತಿತ್ತು. ಭಾವ ಮಿರ್ಲಾನ್ ನಿನ್ನೆ ನೆಂಟರ ಮುಂದೆ ಜಂಬ ಕೊಚ್ಚಿದ್ದು ಅವಳ ಕಿವಿಗೂ ಬಿದ್ದಿತ್ತು: "ಬಾಗಿಲ ಮೇಲೆ ಅಲುಗಾಟ ಗುರುತಿಸೋ ಯಂತ್ರದ ಕಣ್ಣು ಇಟ್ಟಿದ್ದೀನಿ. ಒಳಗೆ ಯಾರೂ ಇಲ್ಲ ಅಂದ್ರೆ ಅದು ಥರ್ಮೋಸ್ಟಾಟಿಗೆ ಹೇಳುತ್ತೆ. ಸುಮ್ನೆ ಕರೆಂಟ್ ಯಾಕೆ ಸುಡಬೇಕು?"

ಆ ಕಣ್ಣಿಗೆ ದಪ್ಪ ಪರದೆಯಾಚೆ ಏನೂ ಕಾಣದು. ಅದರ ಪಾಲಿಗೆ ಇಲ್ಲಿ ಯಾರೂ ಇಲ್ಲ.

ಹೇಳೋಣವೆಂದರೆ, ಬಂದ ಮಾರನೆಯ ದಿನವೇ ದೂರು ಎಂದಾರು. ಬೆರಳುಗಳು ಮರಗಟ್ಟಿದಾಗ ಪರದೆಯ ಸಂದಿಯಿಂದ ಕೈ ಹೊರಚಾಚಿ ಬೀಸಿದಳು. ಟಕ್. ಬೆಚ್ಚಗಾಯಿತು. ಮತ್ತೆ ಆರಿತು, ಮತ್ತೆ ಬೀಸಿದಳು. ನಾಲ್ಕನೆಯ ಸಲ ಅತ್ತೆ ಸೈರಾಕುಲ್ ಬಾಗಿಲಲ್ಲೇ ನಿಂತಿದ್ದಳು.

"ಈ ಚಳೀಲಿ ನೊಣ ಓಡಿಸ್ತಿದ್ದೀಯೇನೇ?"

ಬೆಗಾಯಿಮ್ ಕೈ ಒಳಗೆಳೆದುಕೊಂಡಳು. "ಅತ್ತೆ... ನಂಗೆ ಚಳಿ ಆಗ್ತಿದೆ. ಆ ಕಣ್ಣಿಗೆ ನಾನು ಕಾಣ್ತಿಲ್ಲ."

ಅತ್ತೆ ಒಳಗೆ ಕೈ ಹಾಕಿ ಸೊಸೆಯ ಬೆರಳು ಮುಟ್ಟಿದಳು. "ಅಯ್ಯೋ! ಮಿರ್ಲಾನ್! ಬಾರೋ ಜಾಣ! ನಿನ್ನ ಯಂತ್ರ ಇವಳನ್ನ ಚಳಿಗಾಲಕ್ಕೆ ಕೂಡಿಟ್ಟ ಮಾಂಸ ಅಂದ್ಕೊಂಡಿದೆ!"

ಮಿರ್ಲಾನ್ ಹೊಸ್ತಿಲಾಚೆಯೇ ನಿಂತ. "ಪರದೆ ತೆಗೆದುಬಿಡಿ, ಅಮ್ಮ."

"ನಿನ್ನ ತಲೆ ತೆಗೀತೀನಿ. ಇನ್ನೂ ಅರ್ಧ ಊರು ಬರೋದಿದೆ."

"ಹಾಗಾದ್ರೆ ಕಣ್ಣನ್ನೇ ಒಳಗೆ ಹಾಕಬೇಕು. ಬ್ಯಾಟರೀದು, ಎಲ್ಲಾದ್ರೂ ಕೂರುತ್ತೆ. ಆದ್ರೆ ನಾನು ಭಾವ, ಅವಳ ಮುಖ ನೋಡಬಾರದು, ಒಳಗೆ ಹೇಗೆ ಹೋಗಲಿ? ನಿಮಗೆ ಸ್ಕ್ರೂ ತಿರುಗಿಸೋಕೆ ಬರಲ್ಲ."

ಪರದೆಯಿಂದ ಮತ್ತೆ ಕೈ ಹೊರಬಂತು, ಅಂಗೈ ಮೇಲಾಗಿ.

"ಕೊಡಿ. ನಾನೇ ಹಾಕ್ಕೋತೀನಿ."

ಅತ್ತೆ, ಮಗ ಬಾಗಿಲ ಮೇಲಿಂದ ಬಿಚ್ಚಿಕೊಟ್ಟ ಕಣ್ಣಿನ ಪೆಟ್ಟಿಗೆಯನ್ನೂ ಸ್ಕ್ರೂಡ್ರೈವರನ್ನೂ ಆ ಅಂಗೈಯಲ್ಲಿಟ್ಟಳು. "ಬಾಯಿ ಇದೆ ಇವಳಿಗೆ," ಎಂದಳು. ಬೈದದ್ದೋ ಮೆಚ್ಚಿದ್ದೋ, ದನಿಯಲ್ಲಿ ತಿಳಿಯಲಿಲ್ಲ.

ಬೆಗಾಯಿಮ್ ಅದನ್ನು ಪರದೆಯ ಮರದ ಕಂಬಕ್ಕೆ ಬಿಗಿದಳು. ಟಕ್. ಮಂಡಿಯವರೆಗೂ ಬಿಸಿ ಏರಿತು. ಹಾಯಾಗಿ ಕಾಲು ಚಾಚಿದಳು. ಪೆಟ್ಟಿಗೆಯಲ್ಲಿ ಕೆಂಪು ಚುಕ್ಕೆ ಮಿನುಗಿತು. ಕಾಲು ಎಳೆದುಕೊಂಡಳು, ಮಿನುಗಿತು. ತಲೆವಸ್ತ್ರದ ಗಂಟು ಸಡಿಲಿಸಿದರೂ ಮಿನುಗಿತು. ಈಗ ಆ ಕಣ್ಣು ಅವಳೊಬ್ಬಳನ್ನೇ ನೋಡುತ್ತಿತ್ತು.

ಹೊರಗೆ ಅತ್ತೆ ಯಾರಿಗೋ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಿದ್ದಳು. ಬೆಚ್ಚಗಿದ್ದರೂ ಬೆಗಾಯಿಮ್‌ಗೆ ಒಂದು ನಿಮಿಷವೂ ಒರಗಲಾಗಲಿಲ್ಲ.