ಪಪ್ಪಾಯಿ ಪುಡಿಯ ನೀರು

"ಅದನ್ನು ಯಾರಾದರೂ ನಿಲ್ಲಿಸಬೇಕು," ಎನ್ನುತ್ತಿದ್ದಂತೆ ಧರಣಿಗೆ ಮನೆಯ ಮಾಳಿಗೆಯ ಮೇಲಿಟ್ಟು ಬಂದ ಹಂಡೆ ನೆನಪಾಯಿತು.

ಪೀಳಮೇಡಿನ ಕಾಲೇಜಿನಲ್ಲಿ ಅವಳು ಪಾಠ ಮಾಡುತ್ತಿದ್ದಳು. ಜೀವಕೋಶದಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಹಳೆಯದನ್ನು ಕತ್ತರಿಸಿ ಒಳ್ಳೆಯದನ್ನೇ ಮಾಡುತ್ತವೆ. ಸಾಕು ಎನ್ನುವುದು ಮಾತ್ರ ಅವಕ್ಕೆ ತಿಳಿಯದು. ಅದಕ್ಕೇ ಅವನ್ನು ಹಿಡಿದು ತಡೆಯುವ ಪ್ರೋಟೀನ್‌ಗಳು. ಅವಿಲ್ಲದಿದ್ದರೆ ಮೈಯೇ ತನ್ನ ಶ್ವಾಸಕೋಶವನ್ನು ತಿಂದುಹಾಕುತ್ತದೆ.

"ಹಿಡಿದ ಮೇಲೆ ಬಿಡುತ್ತದಾ ಮಿಸ್?" ವಿದ್ಯಾರ್ಥಿನಿ ಶೋಭನಾ ಕೇಳಿದಳು.

"ಕೆಲವು ಬಿಡುವುದಿಲ್ಲ. ಎರಡೂ ಒಟ್ಟಿಗೆ ಹಾಳಾಗುತ್ತವೆ."

"ಕಲ್ಯಾಣದ ಹಾಗೆ," ಹಿಂದಿನ ಬೆಂಚಿನಿಂದ ಯಾರೋ ಅಂದರು.

ಧರಣಿಯೂ ನಕ್ಕಳು. ನಗು ಬೇರೆ ಯಾರದೋ ಬಾಯಿಂದ ಬಂದಂತಿತ್ತು.

ಹಂಡೆಯಲ್ಲಿದ್ದದ್ದು ಅವಳ ಮದುವೆ ಸೀರೆಯ ರೇಷ್ಮೆ. ಸಿರುಮುಗೈಯ ಅವರ ಮನೆಯಲ್ಲಿ ಮಗಳ ಸೀರೆ ಮನೆಯ ಮಗ್ಗದಲ್ಲೇ ಆಗಬೇಕು. ಅಪ್ಪ ತಂಗವೇಲು ನೂಲಿನ ಅಂಟನ್ನು ಸೋಪುನೀರಿನಲ್ಲಿ ಕುದಿಸಿ ತೆಗೆಯುವವರು. ಅಂಥದೇ ಕಿಣ್ವವಿರುವ ಪಪ್ಪಾಯಿ ಹಾಲಿನ ಪುಡಿ ಅದನ್ನು ಮೆಲ್ಲಗೆ ತಿನ್ನುತ್ತದೆ ಎಂದು ಧರಣಿಯೇ ಒಪ್ಪಿಸಿದ್ದಳು. ಮಧ್ಯಾಹ್ನ ಹೋಗಿ ನೂಲನ್ನು ಕುದಿನೀರಿಗೆ ಹಾಕಿದರೆ ಪುಡಿ ಸಾಯುತ್ತದೆ. ತಡವಾದರೆ ಅಂಟು ಮುಗಿದು ನೂಲೇ ಅದಕ್ಕೆ ಊಟ.

ಊಟದ ಹೊತ್ತಿಗೆ ಅಮ್ಮ ಪೊನ್ನಮ್ಮನ ಫೋನು.

"ಹೊರಟ್ಯಾ ಕಣ್ಣು? ಇಲ್ಲಾಂದ್ರೆ ನಾನೇ ಎತ್ತಾಕ್ತೀನಿ. ಅದೇನ್ ಪೆರೀ ಕೆಲ್ಸವಾ."

"ಬ್ಯಾಡಮ್ಮ. ನಾ ಬರ್ತೀನಿ."

"ಬೀಗ್ರು ಬಂದವ್ರೆ, ಸೆಂದಿಲ್ ಕುಮಾರ್ ಮನೆಯವ್ರು. ಸೀರೆಗೆ ಮಾಂಬಳದ ಹಳದಿ ಬಣ್ಣಾನೇ ಇರ್ಲಿ ಅಂತಾರೆ. ನಿಂಗೆ ಸರೀನಾ?"

ಹೀಗೆ ಯಾರಾದರೂ ಕೇಳಲೆಂದು ಅವಳು ತಿಂಗಳುಗಟ್ಟಲೆ ಕಾದಿದ್ದಳು. ಕೇಳಿದ್ದು ಮದುವೆಯನ್ನಲ್ಲ, ಬಣ್ಣವನ್ನು.

"ಸರಿ," ಎಂದಳು.

ಊರಿನ ಕಡೆಗೆ ಹೋಗುವ ಮೇಟ್ಟುಪಾಳೆಯಂ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಧರಣಿ ನಿಲ್ದಾಣದ ಬೆಂಚಿನಿಂದ ಏಳಲಿಲ್ಲ. ಬಿಸಿಲಿನಲ್ಲಿ ರಸ್ತೆ ನೀರಿನಂತೆ ಮಿನುಗುತ್ತಿತ್ತು. ಅದರೊಳಗೆ ಜನ ನೆನೆಹಾಕಿದ ನೂಲಿನ ಹಾಗೆ ಓಲಾಡುತ್ತಿದ್ದರು.

ಸಂಜೆ ಅವಳು ಮನೆ ಮುಟ್ಟಿದ ಮೇಲೆ, ಮಾಳಿಗೆಯಲ್ಲಿ ಅಪ್ಪ ಹಂಡೆಯಿಂದ ನೂಲಿನ ಲಡಿಯನ್ನು ಎತ್ತಿದರು. ಮೋಡದಂತೆ ಬೆಳ್ಳಗಿತ್ತು.

"ಎಷ್ಟ್ ಮೆತ್ತಗದೆ ನೋಡು," ಎಂದು ಎಳೆಯೊಂದನ್ನು ಜಗ್ಗಿದರು. ಸದ್ದಿಲ್ಲದೆ ಹರಿಯಿತು. ಪಕ್ಕದ್ದೂ ಹರಿಯಿತು. ಅವರು ಮಗಳ ಕಡೆ ತಿರುಗಿದರು.

"ಬಸ್ ಸಿಗ್ಲಿಲ್ಲ."

ಅಪ್ಪ ಲಡಿಯನ್ನು ಹಂಡೆಯ ಅಂಚಿಗೆ ಹಾಕಿದರು. ಬಯ್ಯಲಿಲ್ಲ.

"ಓಗ್ಲಿ ಬುಡು ಕಣ್ಣು. ಬೇರೆ ನೂಲು ತರಾಣ. ಮುಹೂರ್ತಕ್ಕಿನ್ನೂ ದಿನ ಅದೆ."

ಅವರು ಕೆಳಗಿಳಿದ ಮೇಲೆ ಧರಣಿ ತೋಳಿನ ಬಟ್ಟೆ ಮೇಲಕ್ಕೆ ಮಡಿಸಿ, ಇನ್ನೂ ಬೆಚ್ಚಗಿದ್ದ ನೀರಿಗೆ ಕೈ ಇಳಿಸಿದಳು. ಹಿತವಾಗಿತ್ತು. ಯಾವ ಬೆರಳಿನಿಂದ ತಿನ್ನಲು ಶುರುಮಾಡುತ್ತದೋ ಎಂದು ನೋಡುತ್ತ ನಿಂತಳು.