ಏರಬೇಕಿದ್ದ ಗೆರೆ

ಭೌತಶಾಸ್ತ್ರದ ಮೇಷ್ಟ್ರಿಗೆ ಅನುಮಾನ ಹುಟ್ಟುಗುಣ. ಕಾಫಿಗೆ ಸಕ್ಕರೆ ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಚಮಚ ತಿರುವಿ ನೋಡದೆ ತುಟಿಗಿಡದ ಆಸಾಮಿ. ಪ್ರಯೋಗಶಾಲೆಯಲ್ಲಂತೂ ಅವರ ಕಣ್ಣು ತಪ್ಪಿಸಿ ಒಂದು ಸೊನ್ನೆಯೂ ಆಚೆ ಹೋಗುವಂತಿರಲಿಲ್ಲ. ಪ್ರಯೋಗ ಮಾಡದೆ ಅಂಕಿ ಹುಟ್ಟಿಸಿ ಬರೆದವರು ಆ ವರ್ಷ ಪರೀಕ್ಷೆಗೆ ಕೂರುವ ಹಾಗಿಲ್ಲ. ಅದು ಅವರೇ ಮಾಡಿದ ಕಾನೂನು.

ಆವತ್ತು ಮಧ್ಯಾಹ್ನದ ತಂಡದಲ್ಲಿ ಸಿಕ್ಕಿಬಿದ್ದವಳು ದರ್ಜಿಯ ಮಗಳು. ಬಲ್ಬಿನ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು, ಪ್ರತಿ ಸಲವೂ ಎಷ್ಟು ಕರೆಂಟು ಹರಿಯಿತೆಂದು ಮೀಟರಿನಲ್ಲಿ ಓದಬೇಕು, ಭಾಗಿಸಿ ಬಲ್ಬಿನ ರೋಧ ಕಂಡುಹಿಡಿಯಬೇಕು. ಒಳಗಿನ ತಂತಿ ಕಾದಷ್ಟೂ ರೋಧ ಹೆಚ್ಚುತ್ತದೆ, ಗ್ರಾಫಿನ ಗೆರೆ ಮೇಲೇರುತ್ತದೆ. ಇವಳ ಗೆರೆ ಕೆಳಗಿಳಿದಿತ್ತು.

ಮೇಷ್ಟ್ರು ಗೋಡೆಯತ್ತ ಬೆರಳು ತೋರಿಸಿದರು. ಅಲ್ಲಿದ್ದ ಗ್ರಾಫ್ ಅವರ ಸ್ವಂತ ಮಗಳದ್ದು. ಅದೇ ತರಗತಿ, ಆವತ್ತೇ ಬೆಳಗಿನ ತಂಡ, ಇದೇ ಮೇಜು. ಒಂದು ಚುಕ್ಕಿಯೂ ಆಚೀಚೆ ಸರಿಯದೆ ಗೆರೆ ಸರಾಗವಾಗಿ ಮೇಲೇರಿತ್ತು. ಎಲ್ಲರಿಗೂ ಮಾದರಿಯಾಗಲಿ ಎಂದು ತಾವೇ ಅಂಟಿಸಿ, ಹೋಗುತ್ತಾ ಬರುತ್ತಾ ನೋಡಿ ಹಿಗ್ಗಿದ್ದರು.

“ಹೊಲಿಯೋ ಕಸುಬು ಮನೇಲಿದೆ ಅಂತ ಲೆಕ್ಕಾನೂ ಹೊಲ್ಕೊಂಡು ಬಂದ್ಯಾ?” ಎಂದರು. ತಂಡದವರು ಕಿಸಕ್ಕನೆ ನಕ್ಕರು.

ಹುಡುಗಿಯ ಮುಖ ಬಾಡಿತು. ವರ್ಷ ಹಾಳಾದರೆ ಅಪ್ಪ ಮತ್ತೆ ಓದಿಸುವುದಿಲ್ಲ, ಹೊಲಿಗೆ ಯಂತ್ರದ ಮುಂದೆ ಕೂರಿಸುತ್ತಾನೆ. ಅದು ಅವಳಿಗೂ ಗೊತ್ತು, ಮೇಷ್ಟ್ರಿಗೂ ಗೊತ್ತು.

“ನೀವೇ ಒಂದ್ಸಲ ಓದಿ ನೋಡಿ ಸಾರ್,” ಎಂದಳು. “ನಾನು ಏನೂ ಮುಟ್ಟಲ್ಲ.”

ಉಳಿದವರು ಹೋದ ಮೇಲೆ ಮೇಷ್ಟ್ರು ಓದಿದರು. ರೋಧ ಇಳಿಯಿತು. ಹುಡುಗಿ ವೈರು ಅದಲುಬದಲು ಮಾಡಿದ್ದಾಳೆಂದುಕೊಂಡು ಒಂದೊಂದನ್ನೂ ಎಳೆದು ನೋಡಿದರು. ಮೀಟರನ್ನು ಬೈದು, ಬೇರೆ ಮೀಟರು ತಂದರು. ಆಗಲೂ ಇಳಿಯಿತು. ಕೊನೆಗೆ ಸ್ವಿಚ್ಚು ಆರಿಸಿ, ಕರವಸ್ತ್ರ ಸುತ್ತಿ ಬಲ್ಬನ್ನೇ ಬಿಚ್ಚಿದರು.

ಗಾಜಿನೊಳಗೆ ದಪ್ಪನೆಯ ಕಪ್ಪು ಸುರುಳಿ. ಲೋಹದ ತಂತಿಯಲ್ಲ, ಇದ್ದಿಲಿನ ಎಳೆ. ಇಂಥ ಹಳೇ ಕಾಲದ ಬಲ್ಬುಗಳಲ್ಲಿ ಎಳೆ ಕಾದಷ್ಟೂ ರೋಧ ತಗ್ಗುತ್ತದೆ. ಹಿಂದಿನ ದಿನ ಈ ಮೇಜಿನ ಬಲ್ಬು ಸುಟ್ಟುಹೋಗಿತ್ತು. ಹೊಸದು ಸಿಗದೆ ಕಪಾಟಿನ ಹಿಂದೆ ಕೈಯಾಡಿಸಿ, ಸಿಕ್ಕಿದ್ದನ್ನು ಹಾಕಿದವರು ಬೇರೆ ಯಾರೂ ಅಲ್ಲ, ಎಲ್ಲವನ್ನೂ ಎರಡು ಸಲ ನೋಡುವ ಇದೇ ಮೇಷ್ಟ್ರು.

ಅವರಿಗೆ ನಾಚಿಕೆಯಾಯಿತು. ಹುಡುಗಿಯ ಹಾಳೆಯ ಮೇಲೆ ತಾವು ಎಳೆದಿದ್ದ ಕೆಂಪು ಗೀಟು ಹೊಡೆದುಹಾಕಿ ಪೂರ್ತಿ ಅಂಕ ಕೊಟ್ಟರು.

“ತಪ್ಪು ನಂದು ಕಣಮ್ಮ. ಆ ಮಾತು ಆಡಬಾರದಿತ್ತು.”

ಹುಡುಗಿ ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. “ಸಾರ್, ಬೆಳಿಗ್ಗೇನೂ ಇದೇ ಬಲ್ಬ್ ಇತ್ತಾ?”

ಮೇಷ್ಟ್ರು ಹೂಂ ಎಂದರು. ಎಂದ ಮೇಲೆ ಆ ಪ್ರಶ್ನೆಯ ಅರ್ಥ ತಲೆಗೆ ಹೋಯಿತು. ಗೋಡೆಯ ಕಡೆ ನೋಡಲು ಧೈರ್ಯ ಬರಲಿಲ್ಲ. ಊರವರ ಮಕ್ಕಳನ್ನೆಲ್ಲ ಜಾಲಾಡಿದ ಅವರ ಅನುಮಾನ ಒಂದು ದಿನವೂ ಸ್ವಂತ ಮಗಳ ಹತ್ತಿರ ಸುಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮಗಳೇ ಬಂದಳು. ಮನೆಗೆ ಹೋಗೋಣವೇ ಎಂದು ಕೇಳಿದಳು. ಮೇಷ್ಟ್ರು ಬಲ್ಬನ್ನು ಮತ್ತೆ ಸಿಕ್ಕಿಸಿ, ಕುರ್ಚಿ ಎಳೆದರು.

“ಬಾ ಪುಟ್ಟಿ, ಕೂತ್ಕೋ. ಬೆಳಿಗ್ಗೆ ಓದಿದ್ದನ್ನ ಇನ್ನೊಂದ್ಸಲ ಓದಿ ತೋರ್ಸು.”

ತಮ್ಮ ಅನುಮಾನ ಸುಳ್ಳಾಗಲಿ ಎಂದು ಅವರು ಬೇಡಿಕೊಂಡಿದ್ದು ಜೀವಮಾನದಲ್ಲಿ ಅದೇ ಮೊದಲು. ಮಗಳು ಅಪ್ಪನ ಮುಖವನ್ನೇ ನೋಡಿದಳು. ಮೇಜಿನ ಹತ್ತಿರ ಬರಲಿಲ್ಲ. ಗೋಡೆಯ ಬಳಿ ಹೋಗಿ, ಉಗುರಿನಿಂದ ಗ್ರಾಫಿನ ಮೂಲೆಯನ್ನು ಬಿಡಿಸತೊಡಗಿದಳು.