ಸಾಹೇಬರ ನೋಡೋಣ

ಸಾಹೇಬರು ಯಾರಿಗೂ 'ಹೌದು' ಅಂದವರಲ್ಲ, 'ಇಲ್ಲ' ಅಂದವರೂ ಅಲ್ಲ. ಕಟ್ಟಡ ಪರವಾನಗಿ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕುರ್ಚಿ ಸವೆಸುತ್ತಿದ್ದ ಅವರ ಬಂಡವಾಳವೆಲ್ಲ ಒಂದೇ ಮಾತು: 'ನೋಡೋಣ'. ಇಲ್ಲ ಅಂದರೆ ಜನ ಜಗಳಕ್ಕೆ ನಿಲ್ಲುತ್ತಾರೆ, ಹೌದು ಅಂದರೆ ಸಹಿ ಹಾಕಬೇಕಾಗುತ್ತದೆ. ನೋಡೋಣ ಅಂದರೆ ಬಂದವನು ಆಸೆ ಹೊತ್ತುಕೊಂಡು ಹೋಗುತ್ತಾನೆ, ಫೈಲು ಇದ್ದಲ್ಲೇ ಇರುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಮನೆಯಲ್ಲೂ ಇದೇ ಮಂತ್ರ ನಡೆಯುತ್ತಿತ್ತು. ಆದರೆ ಈ ಸಲ ಅವರ ಹೆಂಡತಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಅಕ್ಕಪಕ್ಕದವರ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡುತ್ತಿದ್ದ ಆಕೆಯನ್ನು, ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯವರು ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳಲು ಕರೆದಿದ್ದರು. ಮೂರು ವಾರದೊಳಗೆ ಉತ್ತರ ಹೇಳಬೇಕಿತ್ತು.

"ಹೋಗ್ಲಾ ರೀ?"

"ನೋಡೋಣ."

"ನೋಡೋಕೇನಿದೆ? ಮೂರು ವಾರ ಕಳೆದ್ರೆ ಬೇರೆಯವರನ್ನ ತಗೋತಾರೆ."

ಸಾಹೇಬರಿಗೆ ಬೇಕಾಗಿದ್ದದ್ದೂ ಅದೇ. ಮಧ್ಯಾಹ್ನ ಒಂದೂವರೆಗೆ ಮನೆಗೆ ಬಂದು ಬಿಸಿ ಊಟ ಮಾಡಿ, ಹತ್ತು ನಿಮಿಷ ಕಾಲು ಚಾಚುವ ಸುಖ ಅವರದು. ಆ ಸುಖಕ್ಕೆ ಕಲ್ಲು ಬೀಳುತ್ತದೆ ಎಂದು ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ. ಅಷ್ಟರಲ್ಲಿ ಕಚೇರಿಯ ಕ್ಯಾಂಟೀನಿನಲ್ಲಿ ಟೈಪಿಸ್ಟ್ ಗೋಳಾಡಿದ. "ನಾಯಿಮರಿ ತಂದ್ಮೇಲೆ ನನ್ನ ಹೆಂಡ್ತಿ ಹೊಸಿಲು ದಾಟಿಲ್ಲ ಸಾರ್. ಎಳೇ ಮಗು ಸಾಕಿದ ಹಾಗೆ." ಸಾಹೇಬರ ತಲೆಯಲ್ಲಿ ದೀಪ ಹತ್ತಿತು. ಶನಿವಾರ ಸಂಜೆ, ಕಚೇರಿಯ ಕಾಗದ ಬರುವ ರಟ್ಟಿನ ಡಬ್ಬದಲ್ಲಿ, ಕಂದು ಬಣ್ಣದ ಒಂದು ಮರಿ ಮನೆಗೆ ಬಂತು.

"ಇದ್ಯಾಕ್ರೀ?"

"ಮನೇಲಿ ಬೇಜಾರು ಅಂತಿದ್ಯಲ್ಲ, ನಿನಗೆ ಜೊತೆಗಿರ್ಲಿ ಅಂತ."

ಆಕೆ ಮರಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಟೇಪು ಹಿಡಿಯದೆ ಅಳತೆ ಹೇಳಬಲ್ಲ ಕಣ್ಣು ಅದು. "ಮುದ್ದಾಗಿದೆ. ತಂದೋರು ನೀವು, ಸಾಕೋರೂ ನೀವೇ," ಎಂದು ಮಷಿನ್ನಿಗೆ ದಾರ ಪೋಣಿಸತೊಡಗಿದಳು.

ಹೂಡಿದ ಬಾಣ ಹೀಗೆ ತಿರುಗಿ ಬಂದೀತೆಂದು ಸಾಹೇಬರು ಎಣಿಸಿರಲಿಲ್ಲ. ಒಂದೆರಡು ವಾರ ಹೋದರೆ ಕರುಳು ಚುರ್ ಎಂದು ಆಕೆಯೇ ಎತ್ತಿಕೊಳ್ಳುತ್ತಾಳೆ ಎಂದುಕೊಂಡು ಹದಿನೈದು ದಿನ ರಜೆ ಹಾಕಿದರು. ಕಾಲೇಜಿಗೆ ಹೋಗುವ ಮಗಳು ಗ್ರಂಥಾಲಯದಿಂದ ನಾಯಿ ಸಾಕುವ ಪುಸ್ತಕವೊಂದನ್ನು ತಂದುಕೊಟ್ಟಳು. ಸಾಹೇಬರು ಅದನ್ನು ನಿಯಮಾವಳಿ ಓದುವಂತೆ ಕೆಂಪು ಗೆರೆ ಎಳೆದುಕೊಂಡು ಓದಿದರು. ಮರಿ ಓದಿರಲಿಲ್ಲ. ಹಾಸಿದ ಪೇಪರು ಬಿಟ್ಟು ಮಿಕ್ಕೆಲ್ಲ ಕಡೆ ಒದ್ದೆ ಮಾಡಿತು. ಮನೆಗೆ ತಂದಿದ್ದ ಫೈಲೊಂದರ ಮೇಲೂ ಮಾಡಿತು. ನಾಲ್ಕು ವರ್ಷದಲ್ಲಿ ಆ ಫೈಲಿನ ಮೇಲೆ ಏನಾದರೂ ಕ್ರಮ ಆಗಿದ್ದು ಅದೇ ಮೊದಲು. ಒಂದು ಚಪ್ಪಲಿ, ಕನ್ನಡಕದ ಡಬ್ಬಿ, ಕುರ್ಚಿಯ ಒಂದು ಕಾಲು ಎಲ್ಲವೂ ಅದರ ಹಲ್ಲಿಗೆ ಸಿಕ್ಕವು.

ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕು, ಕೆಲಸ ಮುಗಿಸಿದ ಕೂಡಲೇ ಮನಸಾರೆ ಹೊಗಳಬೇಕು ಎಂದು ಪುಸ್ತಕ ಹೇಳಿತ್ತು. ಬೀದಿಯ ದೀಪದ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಸಾಹೇಬರು, "ಭೇಷ್! ಭೇಷ್ ನನ್ನ ರಾಜ!" ಎನ್ನುತ್ತಿದ್ದಾಗ ಕಚೇರಿಯ ಗುಮಾಸ್ತೆ ಸೈಕಲ್ ನಿಲ್ಲಿಸಿದ.

"ಒಂಬತ್ತು ವರ್ಷ ನಿಮ್ಮ ಕೈಕೆಳಗೆ ದುಡಿದೆ ಸಾರ್. ನನಗೆ ಒಂದ್ಸಲಾನೂ ಭೇಷ್ ಅಂದಿಲ್ಲ."

"ನೋಡೋಣ," ಎಂದರು ಸಾಹೇಬರು, ಎದ್ದು ಮಂಡಿಯ ಧೂಳು ಕೊಡವಿಕೊಳ್ಳುತ್ತ.

ಹೆಸರಿನ ವಿಷಯವೂ ಹಾಗೇ ಉಳಿದಿತ್ತು. ಮಗಳು ದಿನಕ್ಕೊಂದು ಹೆಸರು ತರುತ್ತಿದ್ದಳು, ಅಪ್ಪ "ನೋಡೋಣ" ಅನ್ನುತ್ತಿದ್ದರು. ಮರಿ ಬಿಸ್ಕತ್ತಿಗೆ ಕುಣಿದರೆ ಡಬ್ಬದ ಮುಚ್ಚಳ ತೆಗೆಯುತ್ತ "ನೋಡೋಣ, ನೋಡೋಣ". ಬಾಗಿಲು ಕೆರೆದರೆ ಹಗ್ಗ ಹುಡುಕುತ್ತ "ನೋಡೋಣ ಕಣೋ". ಎರಡನೇ ವಾರ ಚುಚ್ಚುಮದ್ದಿಗೆ ಪಶುವೈದ್ಯೆಯ ಬಳಿ ಹೋದಾಗ ಆಕೆ ಕಾರ್ಡು ತುಂಬುತ್ತ ಕೇಳಿದರು.

"ಹೆಸರು?"

"ನೋಡೋಣ."

ಮೇಜಿನ ಮೇಲಿದ್ದ ಮರಿ ಕಿವಿ ನಿಮಿರಿಸಿ, ಬಾಲ ಬಡಿದು, ಸಾಹೇಬರ ಎದೆಗೆ ಹಾರಿತು.

"ಆಗಲೇ ಹೆಸರು ಹಿಡಿದುಬಿಟ್ಟಿದೆಯಲ್ಲ, ಜಾಣ!" ಎನ್ನುತ್ತ ವೈದ್ಯೆ ಕಾರ್ಡಿನಲ್ಲಿ ಬರೆದೇಬಿಟ್ಟರು. ಸಾಹೇಬರು ಆಕ್ಷೇಪಣೆ ಎತ್ತುವಷ್ಟರಲ್ಲಿ ಸೀಲು ಬಿದ್ದಿತ್ತು. ಸೀಲು ಬಿದ್ದ ಕಾಗದಕ್ಕೆ ಎದುರಾಡಿ ಅವರಿಗೆ ಅಭ್ಯಾಸವಿರಲಿಲ್ಲ.

ಅಂದಿನಿಂದ ಅವರ ಕಷ್ಟ ಹೇಳತೀರದು. ಫೋನಿನಲ್ಲಿ ಯಾರಿಗಾದರೂ ನೋಡೋಣ ಅಂದರೆ ಮರಿ ಮಡಿಲಿಗೇ ಹಾರುತ್ತಿತ್ತು. ಸ್ನಾನದ ಮನೆಯೊಳಗಿಂದ ಅಂದರೆ ಬಾಗಿಲು ಕೆರೆಯುತ್ತಿತ್ತು. ಕರೆದಾಗಲೆಲ್ಲ ಹೀಗೆ ಓಡಿಬರುವ ಇನ್ನೊಂದು ಜೀವವನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಅವರು ಅದರ ಮೇಲೆ ಪ್ರಾಣವೇ ಇಟ್ಟುಕೊಂಡಿದ್ದರು.

ರಜೆ ಮುಗಿಯುವ ಹಿಂದಿನ ಶುಕ್ರವಾರ, ಸೋಮವಾರ ಕಚೇರಿಗೆ ಹೊರಡುವುದರ ತಾಲೀಮಿಗೆಂದು, ಮರಿಯನ್ನು ಹೆಂಡತಿಯ ಮಷಿನ್ನಿನ ಪಕ್ಕ ಬಿಟ್ಟು ಚೀಲ ಹಿಡಿದು ಹೊರಟರು. ಗೇಟು ದಾಟುವ ಮೊದಲೇ ಒಳಗಿನಿಂದ ಕೂಗು ಕೇಳಿಸಿತು. ಆಕೆಯ ಕೈಯಲ್ಲಿ ಬಿಸ್ಕತ್ತಿದ್ದರೂ ಮರಿ ಹತ್ತಿರ ಹೋಗದೆ, ಬಾಗಿಲ ಸಂದಿಗೆ ಮೂಗು ತುರುಕಿ ಅಳುತ್ತಿತ್ತು. ಸಾಹೇಬರು ಗೇಟಿನ ಕಂಬ ಹಿಡಿದು ನಿಂತರು. ಬಸ್ಸು ಬಂತು, ಹೋಯಿತು. ಅವರು ಕಣ್ಣೊರೆಸಿಕೊಂಡು ವಾಪಸು ಬಂದರು.

"ಕನ್ನಡಕ ಮರೆತಿದ್ದೆ," ಎಂದರು.

"ಮೂಗಿನ ಮೇಲೇ ಇದೆ," ಎಂದಳು ಹೆಂಡತಿ, ತಲೆ ಎತ್ತದೆ.

ಭಾನುವಾರ ಸಂಜೆ ಆಕೆ ತನ್ನ ಕತ್ತರಿಗೆ ಸಾಣೆ ಹಿಡಿಸಿಕೊಂಡು ಬಂದಳು. ಕಾರ್ಖಾನೆಯವರು ಕೊಟ್ಟ ಗಡುವು ಅಂದಿಗೆ ಮುಗಿಯುತ್ತಿತ್ತು.

"ರೀ, ಇಷ್ಟು ದಿನ ಕೇಳಿದ್ದಾಯ್ತು. ಇನ್ನೊಂದ್ಸಲ ಕೇಳ್ತೀನಿ, ನಿಮ್ಮ ಸಮಾಧಾನಕ್ಕೆ. ನಾಳೆಯಿಂದ ಕೆಲಸಕ್ಕೆ ಹೋಗ್ಲಾ?"

ಹೋಗಬೇಡ ಎನ್ನಲು ಧೈರ್ಯವಿಲ್ಲ, ಹೋಗು ಎನ್ನಲು ಮನಸ್ಸಿಲ್ಲ. ಇಪ್ಪತ್ತಾರು ವರ್ಷದ ಅಭ್ಯಾಸ ಬಾಯಿ ತೆರೆಯಿತು.

"ನೋಡೋಣ."

ಅಡುಗೆಮನೆಯಿಂದ ಮರಿ ಜಾರುತ್ತ, ಬೀಳುತ್ತ, ಎದ್ದು ಓಡಿಬಂದು ಅವರ ಪಾದದ ಮೇಲೆ ಕೂತು ಮುಖ ನೋಡಿತು.

ಆಕೆ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಕೋಪವಿರಲಿಲ್ಲ, ನಗು ಬಂದಿತ್ತು. "ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು. ನೀವು ನೋಡೋಣ ಅಂದಿದ್ದಕ್ಕೆ ಬಂದಿದ್ದು ಅಂದ್ರೆ ಇದೊಂದೇ. ಬರ್ತೀನಿ ಅಂತ ನಾನು ಬುಧವಾರವೇ ಹೇಳಿಬಂದಿದೀನಿ. ನಾಳೆ ಒಂಬತ್ತಕ್ಕೆ ಹಾಜರಿ."

ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಮರಿ ಕಿವಿ ನಿಮಿರಿಸಿತು. ಅವರು ಬಾಯಿ ಮುಚ್ಚಿ, ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇನ್ನೂ ಹದಿನೈದು ದಿನದ ರಜೆಗೆ ಅರ್ಜಿ ಬರೆಯತೊಡಗಿದರು.